ಹಿತ್ತಾಳೆ ವಾದ್ಯವೃಂದದ ಸ್ತೋತ್ರಸಂಗೀತ

ಟ್ರೊಂಬೋನ್ ಎಂಬ ಎಳೆಗೊಳವೆಯ ಕಹಳೆಗಳು ಮೂರೋ ನಾಲ್ಕೋ ಒಂದೆಡೆ ಸೇರಿ, ಇಲ್ಲವೆ ಟ್ರಂಪೆಟ್, ಹಾರ್ನ್, ಯುಫೋನಿಯಂ, ಟ್ಯೂಬಾ ಮೊದಲಾದ ಇತರ ಹಿತ್ತಾಳೆಯ ವಾದ್ಯಗಳೊಡನೆ ಕೂಡಿ, ಸಭೆಯು ಹಾಡುವ ದೇವಸ್ತುತಿಯ ಧಾಟಿಯನ್ನು ವಿಳಂಬಗತಿಯಲ್ಲಿ, ಹಲವು ಸ್ವರಪಂಕ್ತಿಗಳ ಏಕಕಾಲಿಕ ಸಂವಾದದೊಡನೆ ನುಡಿಸುವ ಗಂಭೀರವಾದ ಸಂಗೀತಪ್ರಕಾರ. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಮಾರ್ಟಿನ್ ಲೂಥರನ ಮತಸುಧಾರಣೆಯೊಡನೆ ಹುಟ್ಟಿದ ಕೋರಾಲ್ ಎಂಬ ಸಭಾಗೀತೆ ಇದರ ಮೂಲ. ವೆನಿಸ್ ನಗರದ ದೇವಾಲಯದಲ್ಲಿಯೂ ಜರ್ಮನ್ ಪಟ್ಟಣಗಳ ಗೋಪುರಗಳಲ್ಲಿಯೂ ಬೆಳೆದ ಹಿತ್ತಾಳೆವಾದ್ಯಗಳ ವಾದನಕಲೆ ಇದರ ವಾಹಕ. ಪ್ರಾರ್ಥನೆ, ಹಬ್ಬದ ಪ್ರಾತಃಕಾಲ, ಶವಸಂಸ್ಕಾರ, ಮೃತರ ಸ್ಮರಣೆ, ರಾಜ್ಯದ ಗೌರವವಿಧಿ ಇವು ಇದರ ಮುಖ್ಯ ಸಂದರ್ಭಗಳು.

ಕರ್ನಾಟಕಕ್ಕೆ ಈ ಪ್ರಕಾರದ ಎರಡು ಅಂಗಗಳೂ, ಎಂದರೆ ನಾಲ್ಕು ಪಂಕ್ತಿಗಳ ಸ್ತೋತ್ರಗಾನವೂ ಹಿತ್ತಾಳೆಯ ವಾದ್ಯವೃಂದವೂ, ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆಬೇರೆ ದಾರಿಗಳಿಂದ ಬಂದುವು. ಮೊದಲನೆಯದು ಮಂಗಳೂರು, ಧಾರವಾಡ, ಗುಬ್ಬಿ, ತುಮಕೂರು, ಕುಣಿಗಲ್ ಮೊದಲಾದ ಊರುಗಳ ಕ್ರೈಸ್ತ ಸಭೆಗಳಲ್ಲಿ ಬೇರೂರಿದರೆ, ಎರಡನೆಯದು ಮೈಸೂರು ಅರಮನೆಯ ಆಶ್ರಯದಲ್ಲಿ ಪ್ರವರ್ಧಮಾನಕ್ಕೆ ಬಂದಿತು. ಆದುದರಿಂದ ಕನ್ನಡನಾಡಿನಲ್ಲಿ ಈ ಸಂಗೀತದ ಚರಿತ್ರೆಯನ್ನು ಅರಿಯಬೇಕೆನ್ನುವವರು ವಾದ್ಯಗಳನ್ನು ಮಾತ್ರ ಅರಸದೆ, ಆ ವಾದ್ಯಗಳಿಗೆ ಹಾಡನ್ನು ಕಲಿಸಿದ ಸಭೆಯನ್ನೂ ಅರಸಬೇಕಾಗುತ್ತದೆ.

ಲಕ್ಷಣ

ಕೋರಾಲ್ ಶೈಲಿಯ ಮೊದಲನೆಯ ಲಕ್ಷಣ ಅದರ ಸರಳತೆ. ಪದ್ಯದ ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರ; ಆ ಸ್ವರದ ಕೆಳಗೆ, ಅದೇ ಕಾಲದಲ್ಲಿ, ಅದಕ್ಕೆ ಸಂವಾದಿಯಾಗಿ ನಿಲ್ಲುವ ಇನ್ನು ಮೂರು ಸ್ವರಗಳು. ಮೇಲಿನ ಪಂಕ್ತಿ ಧಾಟಿಯನ್ನು ಹೊತ್ತಿರುತ್ತದೆ, ತಳದ ಪಂಕ್ತಿ ಅದಕ್ಕೆ ಆಧಾರವಾಗಿರುತ್ತದೆ, ನಡುವಿನ ಎರಡು ಪಂಕ್ತಿಗಳು ಇವೆರಡರ ಅಂತರವನ್ನು ತುಂಬುತ್ತವೆ. ಲೂಥರನ ಕಾಲದ ಮೊದಲ ಗೀತಪುಸ್ತಕಗಳು 1524ರ ಸುಮಾರಿಗೆ ಪ್ರಕಟವಾದಾಗ ಧಾಟಿ ಬಹುಮಟ್ಟಿಗೆ ನಡುವಿನ ಟೆನರ್ ಪಂಕ್ತಿಯಲ್ಲಿ ಅಡಗಿರುತ್ತಿದ್ದಿತು. 1586ರಲ್ಲಿ ಲೂಕಾಸ್ ಓಸಿಯಾಂಡರ್ ಎಂಬಾತನು ಅದನ್ನು ಮೇಲಿನ ಪಂಕ್ತಿಗೆ ತಂದು ಪ್ರಕಟಿಸಿದ ಬಳಿಕ, ಸಂಗೀತಶಿಕ್ಷಣವಿಲ್ಲದ ಜನಸಾಮಾನ್ಯರೂ ಕಿವಿಗೆ ಬಿದ್ದುದನ್ನು ಅನುಸರಿಸಿ ಹಾಡುವುದು ಸುಲಭವಾಯಿತು.

ಎರಡನೆಯ ಲಕ್ಷಣ ಪಂಕ್ತಿಯ ಕೊನೆಯ ನಿಲುಗಡೆ. ಪದ್ಯದ ಪ್ರತಿ ಪಾದವೂ ಒಂದು ಉಸಿರಿನ ಅಳತೆಗೆ ಒಳಪಟ್ಟು, ಅದರ ಅಂತ್ಯದಲ್ಲಿ ಹಾಡುವವರೆಲ್ಲರೂ ಒಟ್ಟಿಗೆ ನಿಂತು, ಒಟ್ಟಿಗೆ ಉಸಿರು ಸೆಳೆದು, ಒಟ್ಟಿಗೆ ಮುಂದಿನ ಪಾದಕ್ಕೆ ತೊಡಗುತ್ತಾರೆ. ತಂತಿಯ ವಾದ್ಯಕ್ಕೆ ಈ ನಿಲುಗಡೆ ಅನಿವಾರ್ಯವಲ್ಲ. ಊದುವ ವಾದ್ಯಕ್ಕೆ ಅದು ದೇಹಧರ್ಮ. ಕೋರಾಲ್ ಗೀತೆಗೂ ಹಿತ್ತಾಳೆವಾದ್ಯಕ್ಕೂ ನಾಲ್ಕು ನೂರು ವರ್ಷಗಳ ಸಖ್ಯ ಉಳಿದುಬಂದಿರುವುದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು. ಇಲ್ಲಿಯ ಗಾಂಭೀರ್ಯವು ನಾದದ ಪ್ರಾಬಲ್ಯದಿಂದ ಉಂಟಾದುದಲ್ಲ. ಬಹುಜನರ ಉಸಿರು ಒಂದೇ ನಿಯಮಕ್ಕೆ ತಲೆಬಾಗುವುದರಿಂದ ಒದಗಿದುದು.

ವಾದ್ಯ ಮತ್ತು ಶ್ರುತಿ

ಟ್ರೊಂಬೋನ್ ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ವಾದ್ಯ. ಒಂದರೊಳಗೊಂದು ಸರಿಯುವ ಎರಡು ಕೊಳವೆಗಳನ್ನು ಮುಂದಕ್ಕೆ ನೂಕಿ ಹಿಂದಕ್ಕೆ ಸೆಳೆದು, ನಾದಮಾರ್ಗದ ಉದ್ದವನ್ನು ಹೆಚ್ಚುಕಡಮೆ ಮಾಡಿ, ವಾದಕನು ಸ್ವರವನ್ನು ಪಡೆಯುತ್ತಾನೆ. ಮಧ್ಯಮಸ್ಥಾಯಿಯ ಸಾಮಾನ್ಯ ಟ್ರೊಂಬೋನಿನ ಕೊಳವೆಯನ್ನು ನೇರವಾಗಿ ಬಿಡಿಸಿ ಇಟ್ಟರೆ ಸುಮಾರು ಒಂಬತ್ತು ಅಡಿ ಉದ್ದವಾಗುತ್ತದೆ. ಎಳೆಗೊಳವೆಗೆ ಏಳು ಸ್ಥಾನಗಳುಂಟು. ಒಂದು ಸ್ಥಾನದಿಂದ ಮುಂದಿನದಕ್ಕೆ ಸರಿದಾಗ ನಾದವು ಅರ್ಧಸ್ವರದಷ್ಟು ಇಳಿಯುತ್ತದೆ. ಪ್ರತಿ ಸ್ಥಾನದಲ್ಲಿಯೂ ತುಟಿಗಳ ಬಿಗಿತವನ್ನು ಬದಲಿಸಿ, ಆ ಉದ್ದದ ಕೊಳವೆಗೆ ಸಹಜವಾದ ಅನುಸ್ವರಗಳ ಶ್ರೇಣಿಯನ್ನು ಒಂದೊಂದಾಗಿ ಎಬ್ಬಿಸಬಹುದು. ಆಲ್ಟೊ, ಟೆನರ್, ಬಾಸ್ ಎಂಬ ಅಳತೆಗಳಲ್ಲಿ ಈ ವಾದ್ಯ ಬಹಳ ಹಿಂದೆಯೇ ಸಿದ್ಧವಾಗಿದ್ದುದರಿಂದ, ಮಾನವಕಂಠದ ಪ್ರಭೇದಗಳಿಗೆ ಪ್ರತಿಯಾಗಿ ಒಂದೊಂದು ವಾದ್ಯವನ್ನು ಇಡುವುದು ಸಾಧ್ಯವಾಯಿತು.

ನಮ್ಮ ಸಂಗೀತದ ಪರಿಚಯವುಳ್ಳವರಿಗೆ ಇಲ್ಲಿ ಗಮನಾರ್ಹವಾದುದು ಶ್ರುತಿಯ ವಿಷಯ. ಪಿಯಾನೊ, ಹಾರ್ಮೋನಿಯಂಗಳಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಒಡೆದಿರುವುದರಿಂದ, ಅವುಗಳ ಅಂತರ ಗಾಂಧಾರವು ಷಡ್ಜದೊಡನೆ 5:4ರ ಪ್ರಮಾಣದಲ್ಲಿ ನಿಲ್ಲುವ ಶುದ್ಧ ಸಂವಾದಕ್ಕಿಂತ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಏರಿ ನಿಲ್ಲುತ್ತದೆ. ಆಕಾಶವಾಣಿಯು 1940ರಿಂದ ಬಹುಕಾಲ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿದ್ದುದಕ್ಕೆ ಶಾಸ್ತ್ರಜ್ಞರು ಕೊಟ್ಟ ಕಾರಣಗಳಲ್ಲಿ ಈ ಸ್ಥಿರಶ್ರುತಿಯ ದೋಷವೂ ಒಂದಾಗಿದ್ದಿತು. ಟ್ರೊಂಬೋನಿಗೆ ಇಂಥ ನಿರ್ಬಂಧವಿಲ್ಲ. ಅದರ ಕೊಳವೆ ಎಲ್ಲಿ ಬೇಕಾದರೂ ನಿಲ್ಲಬಲ್ಲುದಾದುದರಿಂದ, ವಾದಕನು ಕೂದಲೆಳೆಯಷ್ಟು ಸರಿಸಿ ಗಾಂಧಾರವನ್ನು ಶುದ್ಧಸ್ಥಾನಕ್ಕೆ ತರುತ್ತಾನೆ. ಚೆನ್ನಾಗಿ ಮೀಟಿದ ತಂಬೂರಿಯಲ್ಲಿ ಮಂದ್ರ ಷಡ್ಜದ ಗರ್ಭದಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವೇ ಆಗ ನಾಲ್ಕು ಟ್ರೊಂಬೋನುಗಳ ಸಂವಾದದಲ್ಲಿಯೂ ಕೇಳಿಬರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಗಮಕಸದೃಶವಾದ ಶಕ್ತಿ ಈ ವಾದ್ಯಕ್ಕೆ ಇದ್ದೂ ಕೋರಾಲ್ ವಾದನದಲ್ಲಿ ಅದನ್ನು ಬಳಸುವುದಿಲ್ಲ. ಪ್ರತಿಯೊಂದು ಸ್ವರವನ್ನೂ ನಾಲಗೆಯ ಮೃದುವಾದ ಸ್ಪರ್ಶದಿಂದ ಬಿಡಿಸಿ, ಕಡೆಯವರೆಗೂ ಸಮಬಲದಲ್ಲಿ ಧರಿಸಿ ನುಡಿಸುವುದೇ ಇಲ್ಲಿಯ ಸಂಯಮ.

ಯೂರೋಪಿನಲ್ಲಿ ವಿಕಾಸ

ಹಿತ್ತಾಳೆಯ ಗಂಭೀರ ನಾದವನ್ನು ದೇವಾಲಯದ ಸಂಗೀತದಲ್ಲಿ ಮಹತ್ತ್ವದ ಸ್ಥಾನಕ್ಕೆ ಏರಿಸಿದವರಲ್ಲಿ ವೆನಿಸ್ಸಿನ ಜೊವಾನ್ನಿ ಗಬ್ರಿಯೇಲಿ ಅಗ್ರಗಣ್ಯ. ಸಂತ ಮಾರ್ಕನ ದೇವಾಲಯದಲ್ಲಿ ಎದುರುಬದುರು ಕುಳಿತ ವೃಂದಗಳು ಪರಸ್ಪರ ಉತ್ತರಿಸುವ ಪದ್ಧತಿಯನ್ನು ಆಧರಿಸಿ ಅವನು ರಚಿಸಿದ ಕೃತಿಗಳು 1597ರಲ್ಲಿ ಪ್ರಕಟವಾದುವು. ಆ ಸಂಪುಟದ ‘ಸೊನಾಟ ಪಿಯಾನ್ ಎ ಫೋರ್ಟೆ’ ಎಂಬ ರಚನೆಯಲ್ಲಿ ಎಂಟು ಪಂಕ್ತಿಗಳಿದ್ದು, ಅವುಗಳಲ್ಲಿ ಆರು ಟ್ರೊಂಬೋನುಗಳಿಗೆ ಮೀಸಲಾಗಿವೆ; ಯಾವ ವಾದ್ಯ ಯಾವ ಪಂಕ್ತಿಯನ್ನು ನುಡಿಸಬೇಕು, ಎಲ್ಲಿ ಮೃದುವಾಗಿ ಎಲ್ಲಿ ಬಲವಾಗಿ ನುಡಿಸಬೇಕು ಎಂಬುದನ್ನು ಮುದ್ರಣದಲ್ಲಿ ಸೂಚಿಸಿದ ಮೊದಲ ಕೃತಿಗಳಲ್ಲಿ ಇದು ಒಂದು. ಗಬ್ರಿಯೇಲಿಯ ಬಳಿ ಕಲಿತ ಹೈನ್ರಿಶ್ ಶ್ಯೂಟ್ಸ್ ಈ ವಿದ್ಯೆಯನ್ನು ಜರ್ಮನಿಗೆ ಒಯ್ದು, 1629ರಲ್ಲಿ ಪ್ರಕಟಿಸಿದ ತನ್ನ ಸಂಗ್ರಹದಲ್ಲಿ, ಮಗನನ್ನು ಕಳೆದುಕೊಂಡ ದಾವೀದ ರಾಜನ ವಿಲಾಪವನ್ನು ಒಂದು ಮಂದ್ರಕಂಠಕ್ಕೂ ನಾಲ್ಕು ಟ್ರೊಂಬೋನುಗಳಿಗೂ ಹೊಂದಿಸಿದನು. ಪುತ್ರಶೋಕದ ಮುಂದೆ ಮಾತು ತಡವರಿಸುವೆಡೆಯಲ್ಲಿ ವಾದ್ಯಗಳೇ ಆ ತಂದೆಯ ದುಃಖವನ್ನು ಮುಂದುವರಿಸುವ ಈ ಕೃತಿ, ಟ್ರೊಂಬೋನ್ ವೃಂದಕ್ಕೂ ಶೋಕರಸಕ್ಕೂ ಇರುವ ನಂಟಿನ ಉತ್ತಮ ನಿದರ್ಶನ.

ಜರ್ಮನಿಯ ಪಟ್ಟಣಗಳಲ್ಲಿ ನಗರಸಭೆಯ ವೇತನ ಪಡೆಯುತ್ತಿದ್ದ ವಾದಕರು ದಿನದ ನಿಯತವೇಳೆಗಳಲ್ಲಿ ದೇವಾಲಯದ ಅಥವಾ ಪುರಭವನದ ಗೋಪುರವನ್ನೇರಿ ಸ್ತೋತ್ರಗಳನ್ನು ಊದುವುದು ವಾಡಿಕೆಯಾಗಿದ್ದಿತು. ಲೈಪ್‌ಸಿಗ್ ನಗರದ ಯೋಹಾನ್ ಪೆಟ್ಸೆಲ್ 1670ರಲ್ಲಿ ಪ್ರಕಟಿಸಿದ ನಲವತ್ತು ರಚನೆಗಳ ಸಂಪುಟಕ್ಕೆ ಬೆಳಗಿನ ಹತ್ತನೆಯ ಗಂಟೆಯ ಹೆಸರನ್ನೇ ಇಟ್ಟನು; ಅದೇ ನಗರದ ಗಾಟ್‌ಫ್ರೀಡ್ ರೈಖೆ 1696ರಲ್ಲಿ ಒಂದು ಕಾರ್ನೆಟ್ ಮತ್ತು ಮೂರು ಟ್ರೊಂಬೋನುಗಳಿಗಾಗಿ ಇಪ್ಪತ್ತನಾಲ್ಕು ಚತುರ್ವಾದ್ಯಕೃತಿಗಳನ್ನು ಹೊರತಂದನು. ಸಂಗೀತದ ಮಹಾಕವಿಯಂತಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಕೆಲವು ದೇವಗೀತಪ್ರಬಂಧಗಳಲ್ಲಿ ಗಾಯನದ ನಾಲ್ಕು ಪಂಕ್ತಿಗಳನ್ನು ಇವೇ ವಾದ್ಯಗಳಿಂದ ಇಮ್ಮಡಿಗೊಳಿಸಿದುದುಂಟು.

ಮೃತರ ಸ್ಮರಣೆಗೆಂದು ಸಮಾನಜಾತಿಯ ವಾದ್ಯಗಳಿಗೆ ರಚಿಸುವ ‘ಈಕ್ವಾಲೆ’ ಎಂಬ ಕಿರುಕೃತಿ ಆಸ್ಟ್ರಿಯದಲ್ಲಿ ಪ್ರಚಾರದಲ್ಲಿದ್ದಿತು. 1812ರ ಶರತ್ಕಾಲದಲ್ಲಿ ಲಿಂಟ್ಸ್ ನಗರಕ್ಕೆ ಹೋಗಿದ್ದ ಬೀಥೋವನನು, ಅಲ್ಲಿಯ ಪ್ರಧಾನ ದೇವಾಲಯದ ಸಂಗೀತನಿರ್ದೇಶಕ ಗ್ಲೋಗ್ಲನ ಕೋರಿಕೆಯಂತೆ, ನವೆಂಬರ್ 2ರಂದು ಬರುವ ಸಕಲ ಮೃತರ ಸ್ಮರಣದಿನಕ್ಕಾಗಿ ನಾಲ್ಕು ಟ್ರೊಂಬೋನುಗಳಿಗೆ ಮೂರು ಈಕ್ವಾಲೆಗಳನ್ನು ಬರೆದುಕೊಟ್ಟನು. ಅವು ಅತ್ಯಂತ ಹ್ರಸ್ವವಾದ ಕೃತಿಗಳು. ಆದರೂ 1827ರ ಮಾರ್ಚ್ 29ರಂದು ವಿಯೆನ್ನದಲ್ಲಿ ನಡೆದ ಅವನ ಅಂತ್ಯಯಾತ್ರೆಯಲ್ಲಿ, ಟ್ರೊಂಬೋನುಗಳು ನುಡಿಸಿದ ಅವೇ ಸ್ವರಗಳಿಗೆ ಇಗ್ನಾಟ್ಸ್ ಸೈಫ್ರೀಡ್ ಹೊಂದಿಸಿದ ಪ್ರಾರ್ಥನಾವಾಕ್ಯಗಳನ್ನು ಗಾಯಕರು ಹಾಡಿದರು. ಆಂಟನ್ ಬ್ರೂಕ್ನರ್ 1847ರಲ್ಲಿ ತನ್ನ ಬಂಧುವೊಬ್ಬಳ ಮರಣಾನಂತರ ಮೂರು ಟ್ರೊಂಬೋನುಗಳಿಗೆ ಇಂಥವೇ ಎರಡು ಕೃತಿಗಳನ್ನು ರಚಿಸಿದನು. ದೊಡ್ಡ ವಾದ್ಯಮೇಳಗಳಿಗಾಗಿ ಬರೆದ ಸಿಂಫನಿಗಳಲ್ಲಿಯೂ ಈ ನಾದ ಪವಿತ್ರಸ್ಥಳದ ಸೂಚನೆಯಾಗಿ ಬಂದಿದೆ. ಶೂಮಾನನ ‘ರೈನ್’ ಸಿಂಫನಿಯ ನಾಲ್ಕನೆಯ ಭಾಗ, ಮೂರು ಭಾಗಗಳವರೆಗೂ ಟ್ರೊಂಬೋನುಗಳನ್ನು ಮೌನವಾಗಿರಿಸಿ ನಾಲ್ಕನೆಯದರಲ್ಲಿ ಅವುಗಳ ಮೂಲಕ ಒಂದು ಕೋರಾಲನ್ನು ತೆರೆಯುವ ಬ್ರಾಮ್ಸನ 1876ರ ಮೊದಲನೆಯ ಸಿಂಫನಿ, ಇವು ಪ್ರಸಿದ್ಧ ಉದಾಹರಣೆಗಳು. ಇಪ್ಪತ್ತನೆಯ ಶತಮಾನದಲ್ಲಿ ಸ್ಟ್ರಾವಿನ್‌ಸ್ಕಿ 1954ರಲ್ಲಿ ಕವಿ ಡಿಲನ್ ಥಾಮಸನ ಸ್ಮರಣಾರ್ಥವಾಗಿ ರಚಿಸಿದ ಕೃತಿಯಲ್ಲಿ ನಾಲ್ಕು ಟ್ರೊಂಬೋನುಗಳನ್ನು ಬಳಸಿ ಈ ಪರಂಪರೆಗೆ ಗೌರವ ಸಲ್ಲಿಸಿದನು.

ಸಭೆಯ ವೃಂದಗಳು

ವೃತ್ತಿವಾದಕರ ಕೈಯಲ್ಲಿದ್ದ ಈ ಕಲೆಯನ್ನು ರೈತರು, ಕಮ್ಮಾರರು, ಉಪಾಧ್ಯಾಯರು ಮೊದಲಾದ ಸಾಮಾನ್ಯರ ಸಾಧನೆಯಾಗಿ ಮಾಡಿದ ಕೀರ್ತಿ ಮೊರಾವಿಯನ್ ಪಂಥದವರಿಗೆ ಸಲ್ಲಬೇಕು. 1722ರಲ್ಲಿ ಸ್ಯಾಕ್ಸನಿಯ ಹೆರ್ನ್‌ಹೂಟ್ ಎಂಬಲ್ಲಿ ನೆಲೆಯೂರಿದ ಈ ಸಮುದಾಯ, ಮುಂದಿನ ದಶಕದಿಂದಲೇ ತನ್ನ ಪೂಜೆಯಲ್ಲಿಯೂ ಶವಸಂಸ್ಕಾರದಲ್ಲಿಯೂ ಟ್ರೊಂಬೋನ್ ವೃಂದಗಳನ್ನು ಬಳಸತೊಡಗಿತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿರುವ ಇವರ ಬೆತ್ಲೆಹೆಮ್ ಪಟ್ಟಣದ ವೃಂದವು 1754ರಿಂದ ನಡೆದುಬಂದಿದೆ. ಸಮುದಾಯದವರೊಬ್ಬರು ತೀರಿಕೊಂಡಾಗ ವೃಂದವು ಮೂರು ಕೋರಾಲುಗಳನ್ನು ನುಡಿಸುವುದು ಇವರ ಸಂಪ್ರದಾಯವಾಗಿದ್ದಿತು: ಮೊದಲನೆಯದು ಮರಣವಾರ್ತೆಯನ್ನು ಸಾರುತ್ತಿದ್ದಿತು, ಎರಡನೆಯದರ ಧಾಟಿಯಿಂದ ಮೃತರು ಮಕ್ಕಳೋ ಅವಿವಾಹಿತರೋ ವಿವಾಹಿತರೋ ವಿಧವೆಯರೋ ಎಂಬುದು ಕೇಳಿದವರಿಗೆ ತಿಳಿಯುತ್ತಿದ್ದಿತು, ಮೂರನೆಯದಾಗಿ ಮೊದಲಿನ ಧಾಟಿಯೇ ಮರಳಿ ಬರುತ್ತಿದ್ದಿತು. ಈಸ್ಟರ್ ಹಬ್ಬದ ಅರುಣೋದಯದಲ್ಲಿ ಸಮಾಧಿಭೂಮಿಗೆ ಹೋಗಿ ನುಡಿಸುವ ಪದ್ಧತಿಯನ್ನು ಇಂದಿಗೂ ಆ ಪಂಥದವರು ಬಿಟ್ಟಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯದ ಗ್ರಾಮಗಳಲ್ಲಿ ಭಕ್ತಿಜಾಗೃತಿಯೊಂದು ಹರಡಿದಾಗ, ಪೊಸೌನೆನ್‌ಕೋರ್ ಎಂದು ಕರೆಯಲ್ಪಟ್ಟ ಹಿತ್ತಾಳೆವೃಂದಗಳು ಸಭೆಸಭೆಯಲ್ಲಿಯೂ ಹುಟ್ಟಿಕೊಂಡುವು. ಇವುಗಳ ಶಿಲ್ಪಿ ಯೋಹಾನ್ನೆಸ್ ಕೂಲೊ (1856–1941) ಎಂಬ ಪಾದ್ರಿ. ಗಾಯಕರಿಗಾಗಿ ಮುದ್ರಿಸಿದ ನಾಲ್ಕು ಪಂಕ್ತಿಗಳ ಸ್ತೋತ್ರಪುಸ್ತಕವನ್ನೇ, ಯಾವ ಸ್ಥಾನಾಂತರವನ್ನೂ ಮಾಡದೆ, ವಾದಕರೂ ನೇರವಾಗಿ ಓದಿ ನುಡಿಸುವ ಕ್ರಮವನ್ನು ಅವನು ನೆಲೆಗೊಳಿಸಿದನು. ಇದರಿಂದ ಹಾಡುವವನಿಗೂ ಊದುವವನಿಗೂ ಒಂದೇ ಪುಸ್ತಕ, ಒಂದೇ ಲಿಪಿ ಸಾಕಾಯಿತು. ವಾದ್ಯವು ಕಂಠದ ಪ್ರತಿನಿಧಿಯೇ ಹೊರತು ಅದರ ಪ್ರತಿಸ್ಪರ್ಧಿಯಲ್ಲವೆಂಬ ತತ್ತ್ವವೂ ಇದರಲ್ಲಿ ಅಡಗಿದೆ. ಇಂಗ್ಲೆಂಡಿನಲ್ಲಿ 1865ರಲ್ಲಿ ಆರಂಭವಾದ ಸಾಲ್ವೇಷನ್ ಆರ್ಮಿಯು ಬೀದಿಯ ಉಪದೇಶಕ್ಕೆ ಹಿತ್ತಾಳೆಯ ಬ್ಯಾಂಡುಗಳನ್ನು ಬಳಸಿ, 1882ರಲ್ಲಿ ಮುಂಬಯಿಗೆ ಬಂದು ಭಾರತದಲ್ಲಿಯೂ ತನ್ನ ಕಾರ್ಯವನ್ನು ತೊಡಗಿತು.

ಕರ್ನಾಟಕಕ್ಕೆ ಬಂದ ಎರಡು ಧಾರೆಗಳು

ಕೋರಾಲ್ ಸಂಗೀತ ಕನ್ನಡದ ನೆಲವನ್ನು ಮುಟ್ಟಿದ ನೇರವಾದ ದಾರಿ ಬಾಸೆಲ್ ಮಿಷನ್ನಿನದು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಕೆಲವೇ ವರ್ಷಗಳಲ್ಲಿ ಧಾರವಾಡದಲ್ಲಿಯೂ ಕೇಂದ್ರ ಸ್ಥಾಪಿತವಾಯಿತು. 1841ರಲ್ಲಿ ಮಂಗಳೂರಿನ ಮುದ್ರಣಾಲಯ ಆರಂಭವಾಯಿತು. ಜರ್ಮನ್ ಭಾಷೆಯ ಪ್ರಾಂತಗಳಿಂದ ಬಂದ ಈ ಮಿಷನ್ನಿನ ಪಾದ್ರಿಗಳಿಗೆ ಕೋರಾಲ್ ತಾಯ್ನುಡಿಯಷ್ಟೇ ಆಪ್ತವಾಗಿದ್ದುದರಿಂದ, ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಮೊದಲಾದವರು ಜರ್ಮನ್ ಧಾಟಿಗಳಿಗೆ ಹೊಂದುವ ಕನ್ನಡ ಸ್ತೋತ್ರಗಳನ್ನು ರಚಿಸಿದರು. ಕರಾವಳಿಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ನಾಲ್ಕು ಪಂಕ್ತಿಗಳ ಗಾಯನ ಇಂದಿಗೂ ಅಭಿಮಾನದ ವಿಷಯವಾಗಿರುವುದು ಈ ಬುನಾದಿಯ ಫಲ.

ಎರಡನೆಯ ಧಾರೆ ಬಳಸುದಾರಿಯಿಂದ ಬಂದು ತುಮಕೂರು ಸೀಮೆಯನ್ನು ಸೇರಿತು. ಮೆಥಡಿಸ್ಟ್ ಪಂಥದ ಸ್ಥಾಪಕನಾದ ಜಾನ್ ವೆಸ್ಲಿಯು 1735–36ರಲ್ಲಿ ಅಮೆರಿಕಕ್ಕೆ ಹಡಗಿನಲ್ಲಿ ಹೋಗುತ್ತಿದ್ದಾಗ, ಬಿರುಗಾಳಿಗೆ ಸಿಕ್ಕಿ ಇತರರು ಭೀತರಾಗಿ ಕೂಗಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸಹಪ್ರಯಾಣಿಕರಾಗಿದ್ದ ಮೊರಾವಿಯನ್ನರು ನಿಶ್ಚಲಚಿತ್ತದಿಂದ ಸ್ತೋತ್ರಗಳನ್ನು ಹಾಡುತ್ತಿದ್ದುದನ್ನು ಕಂಡು ಬೆರಗಾದನು. ಅವರ ಸಹವಾಸದಿಂದ ಪ್ರೇರಿತನಾಗಿ ಅವನು ಜರ್ಮನ್ ಕಲಿತು ಮೂವತ್ತರಷ್ಟು ಸ್ತೋತ್ರಗಳನ್ನು ಇಂಗ್ಲಿಷಿಗೆ ತಂದನು. 1738ರಲ್ಲಿ ಹೆರ್ನ್‌ಹೂಟಿಗೇ ಹೋಗಿಬಂದನು. ಹೀಗೆ ಟ್ರೊಂಬೋನ್ ವೃಂದಗಳ ತವರಾದ ಸಮುದಾಯದ ಸ್ತೋತ್ರಸಂಪತ್ತು ವೆಸ್ಲಿಯನ್ನರ ಕಂಠವನ್ನು ಸೇರಿ, ಅವರ ಮೂಲಕ ಒಂದು ಶತಮಾನದ ತರುವಾಯ ಗುಬ್ಬಿಗೆ ಬಂದಿತು.

ತುಮಕೂರು, ಗುಬ್ಬಿ, ಕುಣಿಗಲ್

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಗುಬ್ಬಿ ಆಗಿನ ಕಾಲಕ್ಕೆ ವ್ಯಾಪಾರಕ್ಕೂ ಸಂತೆಗೂ ಹೆಸರಾದ ಪೇಟೆ. ಕನ್ನಡ ವ್ಯಾಕರಣವೊಂದನ್ನು ಬರೆದ ಥಾಮಸ್ ಹಾಡ್ಸನ್ 1837ರಲ್ಲಿ ಇಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸವನ್ನು ಆರಂಭಿಸಿದರು. 1839ರಲ್ಲಿ ಅವರನ್ನು ಕೂಡಿಕೊಂಡ ತರುಣ ವಿಲಿಯಂ ಆರ್ಥರ್, ಕಣ್ಣಿನ ಬೇನೆಯಿಂದ ಬೇಗನೆ ಸ್ವದೇಶಕ್ಕೆ ಹಿಂದಿರುಗಬೇಕಾಗಿ ಬಂದರೂ, ಮೈಸೂರು ಸೀಮೆಯ ಜನಜೀವನವನ್ನು ವರ್ಣಿಸುವ ಗ್ರಂಥವೊಂದನ್ನು 1847ರಲ್ಲಿ ಪ್ರಕಟಿಸಿದರು. ಗುಬ್ಬಿಯನ್ನು ನೆಲೆಯಾಗಿ ಮಾಡಿಕೊಂಡ ಈ ಕಾರ್ಯಕ್ಷೇತ್ರದಲ್ಲಿ ಕುಣಿಗಲ್ಲೂ ತುಮಕೂರೂ ಕ್ರಮೇಣ ಸೇರಿಕೊಂಡುವು. ದೊಡ್ಡ ಕೆರೆಯಿಂದಲೂ ಆ ಕೆರೆಯನ್ನು ಕುರಿತ ಜನಪದ ಗೀತೆಯಿಂದಲೂ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನಲ್ಲಿಯೂ, ಚನ್ನಬಸವೇಶ್ವರನ ಜಾತ್ರೆಯ ಗುಬ್ಬಿಯಲ್ಲಿಯೂ ಈ ವಿದೇಶೀಯ ಧಾಟಿ, ಭಜನೆ ಸೋಬಾನೆಗಳ ನಡುವೆ ತನ್ನದೊಂದು ಸಣ್ಣ ಆವರಣವನ್ನು ನಿರ್ಮಿಸಿಕೊಂಡಿತು.

ಎರಡು ಧಾರೆಗಳೂ ಒಂದಾಗುವುದರಲ್ಲಿ ತುಮಕೂರಿಗೂ ಪಾತ್ರವುಂಟು. ವಿವಿಧ ಮಿಷನ್ನುಗಳು ಕೂಡಿ ಕನ್ನಡದಲ್ಲಿ ದೈವಜ್ಞಾನವನ್ನು ಬೋಧಿಸಲು ಏರ್ಪಡಿಸಿದ ಯೂನಿಯನ್ ಕ್ಯಾನರೀಸ್ ಸೆಮಿನರಿ ಈ ಊರಿನಲ್ಲಿದ್ದು, ಉಪದೇಶಕರಾಗಲು ಬಂದವರನ್ನು ಹಲವು ದಶಕಗಳ ಕಾಲ ತರಬೇತಿಗೊಳಿಸಿತು. ಸಭೆಯ ಮುಂದೆ ನಿಂತು ಹಾಡನ್ನು ಎತ್ತಿಕೊಡುವ ಹೊಣೆ ಉಪದೇಶಕನದೇ ಆದುದರಿಂದ, ಇಂಥ ವಿದ್ಯಾಲಯಗಳ ಪ್ರಾರ್ಥನಾವೇಳೆ ಹಳ್ಳಿಗಾಡಿನ ಸ್ತೋತ್ರಗಾನದ ಮೂಲಶಾಲೆಯೂ ಆಗಿರುತ್ತದೆ. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಐಕ್ಯವಾದುವು. ತುಮಕೂರಿನ ಸೆಮಿನರಿಯೂ ಬಾಸೆಲ್ ಮಿಷನ್ನಿನ ಮಂಗಳೂರಿನ ಸೆಮಿನರಿಯೂ ಒಂದಾಗಿ 1965ರಲ್ಲಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅಸ್ತಿತ್ವಕ್ಕೆ ಬಂದಿತು.

ಈ ಸೀಮೆಯಲ್ಲಿ ಸ್ತೋತ್ರಸಂಗೀತ ನೆಲೆಸಿದುದು ಕಂಠದಲ್ಲಿಯೂ ಹಾರ್ಮೋನಿಯಂನಲ್ಲಿಯೂ. ಪ್ಯಾರಿಸ್ಸಿನ ಡೆಬೇನ್ 1842ರಲ್ಲಿ ಸ್ವಾಮ್ಯಪತ್ರ ಪಡೆದ ಈ ವಾದ್ಯವನ್ನು ಕಾಲಿನಿಂದ ತುಳಿದು ಗಾಳಿಯೂಡಿ, ಎರಡು ಕೈಗಳಿಂದಲೂ ನಾಲ್ಕು ಪಂಕ್ತಿಗಳನ್ನು ನುಡಿಸಬಹುದಾದುದರಿಂದ, ಆರ್ಗನ್ ಇಡಲು ಅನುಕೂಲವಿಲ್ಲದ ಸಣ್ಣ ಸಭೆಗಳಿಗೆ ಇದು ವರಪ್ರಾಯವಾಯಿತು. 1884ರಲ್ಲಿ ಸ್ಥಾಪಿತವಾಗಿ, ಗುಬ್ಬಿ ವೀರಣ್ಣನವರ (1891–1972) ಹೆಸರಿನೊಡನೆ ಅಮರವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯೇ ಮೊದಲಾಗಿ ಕನ್ನಡ ವೃತ್ತಿರಂಗಭೂಮಿಯ ಸಂಗೀತಕ್ಕೆ ಆಧಾರವಾಗಿದ್ದುದೂ ಇದೇ ಲೆಗ್ ಹಾರ್ಮೋನಿಯಂ. ಒಂದೇ ವಾದ್ಯ ದೇವಾಲಯದಲ್ಲಿ ನಾಲ್ಕು ಪಂಕ್ತಿಗಳ ಸಂವಾದವನ್ನೂ ರಂಗದ ಮೇಲೆ ರಂಗಗೀತೆಯ ಏಕಧಾಟಿಯನ್ನೂ ಪೋಷಿಸಿದುದು ಈ ಪ್ರದೇಶದ ಸಂಗೀತಚರಿತ್ರೆಯ ಲಕ್ಷ್ಯಾರ್ಹ ಸಂಗತಿ.

ಛಂದಸ್ಸಿನ ಸಮಸ್ಯೆ

ಕೋರಾಲ್ ಧಾಟಿಗೆ ಕನ್ನಡದ ನುಡಿಯನ್ನು ಹೊಂದಿಸುವುದು ಸುಲಭಸಾಧ್ಯವಾಗಿರಲಿಲ್ಲ. ಪಾಶ್ಚಾತ್ಯ ಸ್ತೋತ್ರಗಳ ಪಾದಗಳು ಅಕ್ಷರಸಂಖ್ಯೆಯಿಂದ ನಿಯತವಾದವು: ಎಂಟು-ಆರು-ಎಂಟು-ಆರು ಅಕ್ಷರಗಳದು ಒಂದು ಪ್ರಸಿದ್ಧ ಬಂಧ, ಪಾದಕ್ಕೆ ಎಂಟೆಂಟು ಅಕ್ಷರಗಳದು ಇನ್ನೊಂದು. ಅವುಗಳಲ್ಲಿ ಹಲವು ಬಲಹೀನವಾದ ಅಕ್ಷರದಿಂದ ತೊಡಗಿ ಎರಡನೆಯ ಅಕ್ಷರದ ಮೇಲೆ ಘಾತವನ್ನು ಇಡುತ್ತವೆ. ಕನ್ನಡದಲ್ಲಿಯಾದರೋ ಒತ್ತು ಪದದ ಆದಿಯಲ್ಲಿ; ದೇಸಿಯ ಬಂಧಗಳು ನಡೆಯುವುದು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳ ಮೇಲೆ; ಗುರುವು ಲಘುವಿಗಿಂತ ಇಮ್ಮಡಿ ಕಾಲವನ್ನು ಬೇಡುತ್ತದೆ. ‘ದೇವರ’ ಎಂಬ ಪದವನ್ನು ಇಂಥ ಧಾಟಿಯ ಆರಂಭದಲ್ಲಿ ಇಟ್ಟರೆ ದೀರ್ಘವಾದ ಮೊದಲಕ್ಷರ ದುರ್ಬಲವಾದ ಎತ್ತುಗಡೆಯಲ್ಲಿ ಬಿದ್ದು, ಹ್ರಸ್ವವಾದ ಎರಡನೆಯದು ಘಾತವನ್ನು ಹೊರಬೇಕಾಗುತ್ತದೆ. ಸ್ತೋತ್ರಗಳ ಗತಿ ವಿಳಂಬವಾಗಿರುವುದರಿಂದ ಈ ವೈಷಮ್ಯ ಸ್ವಲ್ಪಮಟ್ಟಿಗೆ ಮರೆಯಾಗುವುದಾದರೂ, ಕಿವಿಯುಳ್ಳವರಿಗೆ ಕೇಳಿಸದೆ ಇರದು.

ಈ ಕೊರತೆಯನ್ನು ಆಳವಾಗಿ ಅರಿತವರು ಫರ್ಡಿನೆಂಡ್ ಕಿಟ್ಟೆಲ್ಲರು. ಅವರು 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದೋಬಂಧಗಳಲ್ಲಿ ನಿರೂಪಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ಅವರ ಮಹಾನಿಘಂಟು ಹೊರಬಂದಿತು. ಕಾಲಕ್ರಮದಲ್ಲಿ ಕನ್ನಡ ಕ್ರೈಸ್ತ ಗೀತಪುಸ್ತಕಗಳಲ್ಲಿ ಎರಡು ವರ್ಗಗಳು ನೆಲೆಗೊಂಡುವು: ಪಾಶ್ಚಾತ್ಯ ಧಾಟಿಗಳನ್ನು ಅನುಸರಿಸಿ ಬಹುಪಂಕ್ತಿಗಳಲ್ಲಿ ಹಾಡುವ ಸ್ತೋತ್ರಗಳು ಒಂದು, ರಾಗತಾಳಗಳನ್ನು ಅನುಸರಿಸಿ ಪಲ್ಲವಿ ಚರಣಗಳೊಡನೆ ಏಕಕಂಠದಿಂದ ಹಾಡುವ ಕೀರ್ತನೆಗಳು ಮತ್ತೊಂದು. ಹಿತ್ತಾಳೆ ವೃಂದಕ್ಕೆ ಒಗ್ಗುವವು ಮೊದಲನೆಯ ವರ್ಗದವು; ಎರಡನೆಯ ವರ್ಗದವು ತಬಲಾ, ತಾಳ, ಪಿಟೀಲುಗಳೊಡನೆ ಶೋಭಿಸುವವು.

ಅರಮನೆಯ ವೃಂದ ಮತ್ತು ರಾಜ್ಯದ ವಿಧಿಗಳು

ಹಿತ್ತಾಳೆ ವಾದ್ಯಗಳ ವ್ಯವಸ್ಥಿತವಾದ ಶಿಕ್ಷಣ ಹಳೆಯ ಮೈಸೂರಿನಲ್ಲಿ ನಡೆದುದು ಅರಮನೆಯ ಬ್ಯಾಂಡಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಈ ಸಂಸ್ಥೆಗೆ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂಬ ಎರಡು ಶಾಖೆಗಳುಂಟು. ಮೊದಲನೆಯದು ಪಾಶ್ಚಾತ್ಯ ಲಿಪಿಯಲ್ಲಿ ಬಹುಪಂಕ್ತಿಯ ಸಂಗೀತವನ್ನು ನುಡಿಸಿದರೆ, ಎರಡನೆಯದು ಕರ್ನಾಟಕ ಶಾಸ್ತ್ರೀಯ ಕೃತಿಗಳನ್ನು ಕೂಟವಾದನಕ್ಕೆ ಅಳವಡಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇವೆರಡನ್ನೂ ಆದರದಿಂದ ಪೋಷಿಸಿದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಅಭ್ಯಾಸ ಮಾಡಿದವರಾಗಿದ್ದು, ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಮೈಸೂರು ಸಂಸ್ಥಾನದ ಗೀತೆಯನ್ನು ಈ ಬ್ಯಾಂಡು ನುಡಿಸುತ್ತಿದ್ದಾಗ, ಕನ್ನಡದ ಪ್ರಾರ್ಥನೆಯೊಂದು ಹಿತ್ತಾಳೆಯ ನಾದದಲ್ಲಿ ರಾಜಸಭೆಯನ್ನು ನಿಲ್ಲಿಸುವ ಸ್ತೋತ್ರವಾಗಿ ಪರಿಣಮಿಸಿದುದನ್ನು ಕಾಣುತ್ತೇವೆ. ಸ್ಯಾಕ್ಸೊಫೋನ್ ವಾದಕರಾದ ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಮೊದಲು ಕೇಳಿ ಮನಸೋತುದೂ ಈ ಅರಮನೆಯ ಬ್ಯಾಂಡಿನಲ್ಲಿಯೇ.

ಸಂಸ್ಥಾನದ ವಿಲಯನದ ತರುವಾಯ ಈ ವಿದ್ಯೆ ಪೊಲೀಸ್ ಇಲಾಖೆಯ ಬ್ಯಾಂಡುಗಳಲ್ಲಿ ಮುಂದುವರಿದಿದೆ. ಸರ್ಕಾರಿ ಗೌರವದ ಅಂತ್ಯಕ್ರಿಯೆಗಳಲ್ಲಿ ಪೊಲೀಸ್ ವಾದ್ಯವೃಂದವು ವಿಳಂಬಗತಿಯಲ್ಲಿ ನುಡಿಸುವುದೂ, ಬ್ಯೂಗಲ್ ಊದಿ ವಂದನೆ ಸಲ್ಲಿಸುವುದೂ ಪದ್ಧತಿ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಶಿವೈಕ್ಯರಾದಾಗ, ಲಕ್ಷಾಂತರ ಭಕ್ತರ ನಡುವೆ ಅವರ ಅಂತ್ಯವಿಧಿ ವೀರಶೈವ ಸಂಪ್ರದಾಯದಂತೆಯೂ ಸಕಲ ಸರ್ಕಾರಿ ಗೌರವಗಳೊಡನೆಯೂ ನೆರವೇರಿತು. ದೇಶದ ಜನ ಕೋರಾಲ್ ಶೈಲಿಯನ್ನು ಹೆಚ್ಚಾಗಿ ಕೇಳಿದುದು ದೆಹಲಿಯಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ. ವಿಲಿಯಂ ಹೆನ್ರಿ ಮಾಂಕ್ 1861ರಲ್ಲಿ ಧಾಟಿ ಕಟ್ಟಿದ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಸಂಧ್ಯಾಸ್ತೋತ್ರವನ್ನು ಸೇನೆಯ ಸಂಯುಕ್ತ ಬ್ಯಾಂಡುಗಳು ಅಲ್ಲಿ ದಶಕಗಳ ಕಾಲ ನುಡಿಸಿದುವು. 2022ರಲ್ಲಿ ಅದು ಕಾರ್ಯಕ್ರಮದಿಂದ ಹೊರಗುಳಿಯಿತು.

ದೇಶೀಯ ಸಾದೃಶ್ಯಗಳು

ಗಂಭೀರವಾದ ಕಹಳೆಯ ನಾದ ನಮ್ಮ ನಾಡಿಗೆ ಹೊಸದಲ್ಲ. ಕೊಂಬು, ಕಹಳೆಗಳು ದೇವತೋತ್ಸವದಲ್ಲಿಯೂ ರಾಜರ ದಿಬ್ಬಣದಲ್ಲಿಯೂ ಪ್ರಾಚೀನಕಾಲದಿಂದ ಮೊಳಗಿವೆ. ತುಮಕೂರು ಸೀಮೆಯ ಜಾತ್ರೆಗಳಲ್ಲಿ ನಂದಿಕೋಲು, ಡೊಳ್ಳು, ತಮಟೆಗಳ ಜೊತೆಗೆ ಕೊಂಬಿನ ಕೂಗು ಇಂದಿಗೂ ಕೇಳಿಬರುತ್ತದೆ. ಅರ್ಧಚಂದ್ರಾಕೃತಿಯ ಅಥವಾ ಹಾವಿನಂತೆ ಎರಡು ಬಳುಕುಳ್ಳ ಈ ಲೋಹದ ಕೊಳವೆಗೆ ರಂಧ್ರಗಳಾಗಲಿ ಎಳೆಗೊಳವೆಯಾಗಲಿ ಇಲ್ಲ. ಅನುಸ್ವರಶ್ರೇಣಿಯ ಕೆಲವು ಸ್ವರಗಳು ಮಾತ್ರ ಅದರಿಂದ ಹೊರಡುತ್ತವೆ. ದೇವರ ಆಗಮನವನ್ನು ಸಾರುವುದು ಅದರ ಧರ್ಮ. ಹಾಡಿನ ಪಾದವನ್ನು ನುಡಿಸುವುದು ಅದರ ಕೆಲಸವಲ್ಲ. ಪೇಟೆಗಳ ಮದುವೆಯ ಮೆರವಣಿಗೆಗಳಲ್ಲಿ ನುಡಿಯುವ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್, ಯುಫೋನಿಯಂಗಳು ಚಿತ್ರಗೀತೆಗಳ ಏಕಧಾಟಿಯನ್ನು ಆಶ್ರಯಿಸಿವೆ.

ವಿಳಂಬತೆಯಲ್ಲಿಯೂ ಗಾಂಭೀರ್ಯದಲ್ಲಿಯೂ ಯೂರೋಪಿನ ವೃಂದಕ್ಕೆ ಅತ್ಯಂತ ಸಮೀಪವಾದ ಲೋಹವಾದ್ಯಸಂಗೀತವನ್ನು ಕರ್ನಾಟಕದಲ್ಲಿ ಕೇಳಬೇಕಾದರೆ ಬೈಲಕುಪ್ಪೆಗೋ ಮುಂಡಗೋಡಿಗೋ ಹೋಗಬೇಕು. 1960ರ ದಶಕದಲ್ಲಿ ಇಲ್ಲಿ ನೆಲೆನಿಂತ ಟಿಬೆಟನ್ನರು ತಮ್ಮ ವಿಹಾರಗಳೊಡನೆ ‘ದುಂಗ್‌ಚೆನ್’ ಎಂಬ ನೀಳವಾದ ಕಹಳೆಯನ್ನೂ ತಂದರು. ಹತ್ತು ಅಡಿಯವರೆಗೂ ಚಾಚುವ, ಒಂದರೊಳಗೊಂದು ಮಡಚಿಕೊಳ್ಳುವ ತಾಮ್ರ ಹಿತ್ತಾಳೆಯ ಈ ಕೊಳವೆಗಳನ್ನು ಭಿಕ್ಷುಗಳು ಜೋಡಿಯಾಗಿ ಊದುತ್ತಾರೆ. ಒಬ್ಬನು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬನು ಧರಿಸಿ, ಅತಿಮಂದ್ರವಾದ ನಾದ ತುಂಡಾಗದಂತೆ ನೋಡಿಕೊಳ್ಳುತ್ತಾರೆ. ಕೋರಾಲಿನಲ್ಲಿ ಎಲ್ಲರೂ ಒಟ್ಟಿಗೆ ನಿಂತು ಉಸಿರಾಡುವುದು ಪೂಜೆಯ ಅಂಗವಾದರೆ, ಇಲ್ಲಿ ನಾದದ ಅಖಂಡತೆಯೇ ಪೂಜೆ. ಎರಡು ಧರ್ಮಗಳು ಒಂದೇ ಬಗೆಯ ಲೋಹದಿಂದ ಎರಡು ಬಗೆಯ ಧ್ಯಾನವನ್ನು ಸಾಧಿಸಿರುವುದು ವಿಚಾರಯೋಗ್ಯ.

ಸ್ಥಾನ ಮತ್ತು ಮೌಲ್ಯ

ವಾದಕನ ವೈಯಕ್ತಿಕ ಚಾತುರ್ಯಕ್ಕೆ ಈ ಸಂಗೀತದಲ್ಲಿ ಅವಕಾಶ ಅತ್ಯಲ್ಪ. ಕಲ್ಪನಾಸ್ವರವಿಲ್ಲ, ತಾನವಿಲ್ಲ, ವೇಗದ ವಿಲಾಸವಿಲ್ಲ. ತನ್ನ ಪಂಕ್ತಿಯನ್ನು ನಿಷ್ಠೆಯಿಂದ ನುಡಿಸುತ್ತ, ನೆರೆಯವನ ಶ್ರುತಿಗೆ ಕಿವಿಗೊಟ್ಟು, ತನ್ನ ನಾದವನ್ನು ಅವನದರಲ್ಲಿ ಲೀನಗೊಳಿಸುವುದೇ ಇಲ್ಲಿಯ ಪಾಂಡಿತ್ಯ. ಆದುದರಿಂದಲೇ ಅಲ್ಪಶಿಕ್ಷಿತರಾದ ಗ್ರಾಮೀಣರೂ ಇದರಲ್ಲಿ ಸಾರ್ಥಕವಾಗಿ ಭಾಗವಹಿಸಬಲ್ಲರು, ಬೀಥೋವನನಂಥ ಮಹಾಪ್ರತಿಭೆಯೂ ಇದರ ಮುಂದೆ ಕೆಲವೇ ಸ್ವರಗಳಲ್ಲಿ ಮಾತು ಮುಗಿಸಬಲ್ಲುದು.

ತುಮಕೂರು ಸೀಮೆಯ ಮಟ್ಟಿಗೆ ಹೇಳುವುದಾದರೆ, ಈ ಕಲೆಗೆ ಬೇಕಾದ ಸಾಮಗ್ರಿ ಇಲ್ಲಿ ಬಹುಕಾಲದಿಂದ ಸಿದ್ಧವಾಗಿದೆ. ಸ್ತೋತ್ರಗಳನ್ನು ನಾಲ್ಕು ಪಂಕ್ತಿಗಳಲ್ಲಿ ಹಾಡಬಲ್ಲ ಸಭೆಗಳಿವೆ. ಹಿತ್ತಾಳೆಯ ವಾದ್ಯಗಳನ್ನು ಊದಿ ಜೀವಿಸುವ ಬ್ಯಾಂಡ್ ಕಲಾವಿದರಿದ್ದಾರೆ. ಕಂಠದ ಪುಸ್ತಕವನ್ನೇ ವಾದ್ಯದ ಪುಸ್ತಕವಾಗಿ ಬಳಸುವ ಕ್ರಮವನ್ನು ವೆಸ್ಟ್‌ಫಾಲಿಯದ ಹಳ್ಳಿಗಳು ನೂರು ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟಿವೆ. ಮದುವೆಯ ದಿಬ್ಬಣದ ವಾದಕನಿಗೆ ಪಾಶ್ಚಾತ್ಯ ಲಿಪಿಯನ್ನೂ ಸಭೆಯ ಗಾಯಕನಿಗೆ ಕಹಳೆಯ ಉಸಿರನ್ನೂ ಕಲಿಸುವ ಶಿಕ್ಷಣ ಒದಗಿದರೆ, ಹೆರ್ನ್‌ಹೂಟಿನಿಂದ ವೆಸ್ಲಿಯ ಮೂಲಕ ಗುಬ್ಬಿಯವರೆಗೆ ಕಂಠದಿಂದ ಕಂಠಕ್ಕೆ ಸಾಗಿಬಂದ ಸ್ತೋತ್ರಗಳು ತಮ್ಮ ಹಳೆಯ ವಾದ್ಯಗಳನ್ನು ಇಲ್ಲಿಯೂ ಮರಳಿ ಪಡೆಯಬಲ್ಲವು. ಆಗ ಕನ್ನಡದ ಕೂಟವಾದನಕ್ಕೆ ಕರ್ನಾಟಕ ಬ್ಯಾಂಡ್ ಕೊಟ್ಟ ಕಾಣಿಕೆಯ ಪಕ್ಕದಲ್ಲಿ ನಿಲ್ಲುವಂಥ ಇನ್ನೊಂದು ಪ್ರಕಾರ ಸೇರಿದಂತಾಗುತ್ತದೆ.